ತೋಟದ ಮನೆಯ ಪುಸ್ತಕಕ್ಕೆ ಸಿಲ್ವರ್ ಓಕ್ ಹಲಗೆ

ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಒಂದೇ ಕೋಣೆಯ ಹೆಂಚಿನ ಮನೆ ಇದೆ. ಅಪ್ಪನ ಪುಸ್ತಕಗಳೆಲ್ಲ ಅಲ್ಲೇ. ಮೊದಲು ಇಟ್ಟಿದ್ದ ಪಾರ್ಟಿಕಲ್ ಬೋರ್ಡ್ ರ‍್ಯಾಕು ಎರಡೇ ಮಳೆಗಾಲಕ್ಕೆ ಉಬ್ಬಿ ಪುಡಿಯಾಯಿತು. ಹಾಗಾಗಿ ಹೋದ ವರ್ಷ ಪೇಟೆಯ ಸಾಮಿಲ್‌ನಿಂದ ಸಿಲ್ವರ್ ಓಕ್ ಹಲಗೆ ತಂದು ನಾನೇ ಎರಡು ಕಪಾಟು ಮಾಡಿದೆ.

ಸಿಲ್ವರ್ ಅಂದರೆ ಕಾಫಿಗೆ ನೆರಳು ಕೊಟ್ಟು, ಮೆಣಸಿನ ಬಳ್ಳಿ ಹೊತ್ತು ನಿಲ್ಲುವ ಮರ. ಪ್ಲೈವುಡ್ಡಿಗೆ, ಪ್ಯಾಕಿಂಗ್ ಪೆಟ್ಟಿಗೆಗೆ ಸಾಕು ಅಂತಾರೆ. ಕೀಸುಳಿ ಹಾಕಿ ನೋಡಿ! ತಿಳಿ ಕಂದು ಮೈ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಮಿನುಗುವ ಗುರುತು. ನನಗಂತೂ ಸಾಗುವಾನಿಗಿಂತ ಇದೇ ಇಷ್ಟ.

ಸಾಮಿಲ್‌ನವರು ಕೊಯ್ದದ್ದು ಚೆನ್ನಾಗಿತ್ತು. ಒಂದು ಇಂಚು ಅಂದರೆ ಎಲ್ಲ ಕಡೆ ಒಂದೇ ಇಂಚು. ಎರಡು ಕಪಾಟಿಗೆ ₹3,400 ಆಯಿತು. ಬೇಜಾರಾದದ್ದು ಒಂದೇ ವಿಷಯಕ್ಕೆ. 'ಪೂರ್ತಿ ಒಣಗಿದೆ' ಅಂದಿದ್ದರು, ಒಣಗಿರಲಿಲ್ಲ. ಹದಿನೈದು ದಿನದಲ್ಲಿ ಎರಡು ಹಲಗೆ ದೋಣಿಯ ಹಾಗೆ ಬಾಗಿದವು. ಕೇಳಿದರೆ 'ಮರ ಅಂದ್ಮೇಲೆ ಬಾಗುತ್ತೆ ಸಾರ್' ಅಂದರು. ಬದಲಿ ಕೊಡಲಿಲ್ಲ. ಉಳಿದವನ್ನು ಅಟ್ಟದ ಮೇಲೆ, ನಡುವೆ ರೀಪು ಕೊಟ್ಟು, ಮೇಲೆ ಕಲ್ಲು ಹೇರಿ ನಾಲ್ಕು ತಿಂಗಳು ಬಿಟ್ಟೆ. ಆಮೇಲೆಯೇ ಕೆಲಸ ಶುರು.

ಕೆಲಸ ಕಷ್ಟವಿಲ್ಲ. ಆರಡಿಯ ಎರಡು ಪಕ್ಕದ ಹಲಗೆ, ನಡುವೆ ಐದು ಅಡ್ಡ ಹಲಗೆ. ಪ್ರತಿಯೊಂದರ ಕೆಳಗೂ ಒಂದು ಪಟ್ಟಿ ಕೊಟ್ಟು ಸ್ಕ್ರೂ ಹಾಕಿದೆ. ಅಡ್ಡ ಹಲಗೆ ಎರಡೂವರೆ ಅಡಿಗಿಂತ ಉದ್ದ ಬೇಡ, ನಿಘಂಟುಗಳ ಭಾರಕ್ಕೆ ನಡು ಜಗ್ಗುತ್ತದೆ. ಹಿಂದೆ ಪೂರ್ತಿ ಮುಚ್ಚಲಿಲ್ಲ, ಕಪಾಟು ಓಲಾಡದ ಹಾಗೆ ಒಂದು ರೀಪನ್ನು ಓರೆಯಾಗಿ ಹೊಡೆದೆ ಅಷ್ಟೇ. ಗೋಡೆಗೂ ಕಪಾಟಿಗೂ ಮೂರು ಬೆರಳು ಜಾಗ ಬಿಡಲೇಬೇಕು. ಮಲೆನಾಡಿನ ಮಳೆಯಲ್ಲಿ ಗಾಳಿ ಆಡದಿದ್ದರೆ ಪುಸ್ತಕ ಉಳಿಯಲ್ಲ ಅಲ್ವಾ?

ಸಿಲ್ವರ್ ಮರಕ್ಕೆ ಗೆದ್ದಲು ತಡೆಯುವ ಶಕ್ತಿ ಕಡಿಮೆ. ಅದಕ್ಕೇ ಕಪಾಟಿನ ಕಾಲಿಗೆ ಎರಡು ಸಲ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದೆ. ಕೈಗೆ ತಾಗಿದರೆ ಸುಡುತ್ತದೆ, ಗ್ಲೌಸ್ ಹಾಕಿಕೊಳ್ಳಿ. ಮೇಲಿನ ಭಾಗಕ್ಕೆ ಅಗಸೆ ಎಣ್ಣೆ ಸಾಕು.

ಈ ಜುಲೈನಲ್ಲಿ ಹೋಗಿ ನೋಡಿದೆ. ಒಂದು ಹಲಗೆಯೂ ಬಾಗಿಲ್ಲ. ಬೂಷ್ಟು ಹಿಡಿದದ್ದು ಕೆಳಸಾಲಿನ ನಾಲ್ಕು ಪುಸ್ತಕಕ್ಕೆ ಮಾತ್ರ. ಮೂರನೆಯ ಕಪಾಟಿಗೂ ಅದೇ ಸಾಮಿಲ್‌ಗೆ ಹೋಗುತ್ತೇನೆ. ಆದರೆ ಫೆಬ್ರವರಿಯಲ್ಲಿ, ಒಂದೊಂದೇ ಹಲಗೆ ಎತ್ತಿ ಭಾರ ನೋಡಿಯೇ ತರುವುದು, ಹಸಿ ಹಲಗೆ ಹೆಚ್ಚು ಭಾರ ಇರುತ್ತದಲ್ಲ.