ಎಸ್-55 ಅಥವಾ ಮಿ-4: ಯಾವ ಮಾದರಿ ಕಟ್ಟುವುದು?

ನೋಡಿದ ಕೂಡಲೇ ಈ ಎರಡೂ ಹಳೆಯ ಹೆಲಿಕಾಪ್ಟರ್‌ಗಳು ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ: ಮೂಗಿನಲ್ಲಿ ಇಂಜಿನ್, ಅದರ ಮೇಲೆ ಪೈಲಟ್, ಕೆಳಗೆ ನಾಲ್ಕು ಚಕ್ರ. ವ್ಯತ್ಯಾಸ ಇರುವುದು ಅಳತೆಯಲ್ಲಿ ಮತ್ತು ಬಾಗಿಲಲ್ಲಿ.

1949ರ ನವೆಂಬರ್‌ನಲ್ಲಿ ಮೊದಲು ಹಾರಿದ ಅಮೆರಿಕದ ಸಿಕೋರ್ಸ್ಕಿ ಎಸ್-55ರಲ್ಲಿ ಇಂಜಿನ್ ಓರೆಯಾಗಿ ಕೂತಿದೆ; ಶಾಫ್ಟ್ ಪೈಲಟ್‌ಗಳಿಬ್ಬರ ಸೀಟಿನ ನಡುವೆ ಹಾದು ಮೇಲಿನ ಗೇರ್‌ಬಾಕ್ಸ್ ಸೇರುತ್ತದೆ. ಹೀಗಾಗಿ ಕ್ಯಾಬಿನ್ ನೇರ ರೋಟರ್ (ಮೇಲೆ ತಿರುಗುವ ಅಲಗುಗಳು) ಕೆಳಗೇ ಬಂತು. ಹತ್ತು ಸೈನಿಕರು ಹತ್ತಲಿ, ಇಳಿಯಲಿ, ತೂಕದ ಸಮತೋಲ ಹೆಚ್ಚು ಕದಲದು. ಮೂಗಿನ ಬಾಗಿಲು ತೆರೆದರೆ ಮೆಕ್ಯಾನಿಕ್ ನೆಲದ ಮೇಲೆ ನಿಂತೇ ಕೆಲಸ ಮಾಡಬಹುದು. ಮಾದರಿಯಲ್ಲಿ ಅದನ್ನು ತೆರೆದೇ ಇಡಿ. ಎಡವುವ ಜಾಗ ಬಾಲ: ಗಡುಸಾಗಿ ಇಳಿದಾಗ ರೋಟರ್ ಅಲಗು ಬಾಲಕ್ಕೆ ಬಡಿಯಬಾರದೆಂದು ಎಸ್-55ರ ಸೇನಾ ರೂಪವಾದ ಎಚ್-19ಡಿಯಲ್ಲಿ ಅದನ್ನು 3 ಡಿಗ್ರಿ ಕೆಳಕ್ಕೆ ಬಾಗಿಸಿದರು. ಡೆಕಾಲ್ (ಗುರುತಿನ ಸ್ಟಿಕರ್) ಅಂಟಿಸುವ ಮೊದಲು ನೀವು ಕಟ್ಟುವ ರೂಪದ ಬಾಲ ಹೇಗಿದೆಯೆಂದು ಫೋಟೊದಲ್ಲಿ ನೋಡಿ.

1952ರ ಸೋವಿಯತ್ ಮಿ-4 ಇದಕ್ಕಿಂತ ಬಹಳ ದೊಡ್ಡದು. 1,700 ಅಶ್ವಶಕ್ತಿ, ನಾಲ್ಕು ಅಲಗು, 21 ಮೀಟರ್ ರೋಟರ್. ಹಿಂದಿನ ಜೋಡಿ ಬಾಗಿಲಿನಿಂದ ಗಾಜ್-69 ಜೀಪನ್ನೇ ಒಳಗೆ ನುಗ್ಗಿಸಬಹುದು. 1/72 ಅಳತೆಯಲ್ಲಿ ರೋಟರ್ ಸುಮಾರು 292 ಮಿ.ಮೀ. ಆಗುತ್ತದೆ (ಎಸ್-55ರದು 224). ಉದ್ದದ ಅಲಗು ಬರೀ ಅಂಟಿಗೆ ನಿಲ್ಲದೆ ಜೋಲುತ್ತದೆ; ಬುಡಕ್ಕೆ 0.5 ಮಿ.ಮೀ. ಹಿತ್ತಾಳೆ ತಂತಿ ತೂರಿಸಿ.

ಶೆಲ್ಫ್ ಚಿಕ್ಕದಿದ್ದರೆ ಎಸ್-55. 1954ರಲ್ಲಿ ನಮ್ಮ ವಾಯುಪಡೆಗೆ ಬಂದ ಮೊದಲ ಹೆಲಿಕಾಪ್ಟರೂ ಅದೇ. ಆದರೆ 1971ರ ಡಿಸೆಂಬರ್‌ನಲ್ಲಿ, ಬಾಂಗ್ಲಾದೇಶ ಯುದ್ಧದಲ್ಲಿ, ನಮ್ಮ ಸೈನಿಕರನ್ನು ಮೇಘನಾ ನದಿ ದಾಟಿಸಿದ್ದು ಮಿ-4. ನಮ್ಮ ಓಟು ಮಿ-4ಕ್ಕೇ.