ಪ್ರೊಕ್ರಿಯೇಟ್: ಫ್ರೀಲ್ಯಾನ್ಸ್ ಕೆಲಸಕ್ಕೆ ಎಷ್ಟರ ಮಟ್ಟಿಗೆ ಸೈ?

ಐಪ್ಯಾಡ್‌ನಲ್ಲಿ ಚಿತ್ರ ಬಿಡಿಸುವ ಆ್ಯಪ್ ಪ್ರೊಕ್ರಿಯೇಟ್ ಬಗ್ಗೆ ಬರುವ ವಿಮರ್ಶೆಗಳಲ್ಲಿ ಬಹುಪಾಲು ಬ್ರಷ್‌ಗಳ ಗುಣಗಾನವೇ. ಹವ್ಯಾಸಕ್ಕೆ ಬಿಡಿಸುವವರಿಗೆ ಅಷ್ಟು ಸಾಕು. ಚಿತ್ರ ಬಿಡಿಸಿಯೇ ಬದುಕಬೇಕಾದ ಫ್ರೀಲ್ಯಾನ್ಸರ್‌ಗೆ ಮಾತ್ರ ಆ್ಯಪ್‌ನ ನಿಜವಾದ ಯೋಗ್ಯತೆ ಗೊತ್ತಾಗುವುದು ಕ್ಲೈಂಟ್ ಎರಡನೇ ಸಲ ತಿದ್ದುಪಡಿ ಕೇಳಿದಾಗ. ಸಂಭಾವನೆ ಮೊದಲೇ ನಿಗದಿಯಾಗಿರುತ್ತದೆ, ಆಮೇಲೆ ಖರ್ಚಾಗುವ ಒಂದೊಂದು ಗಂಟೆಯೂ ಅದರಲ್ಲೇ ಕಳೆಯುತ್ತದೆ. ಒಂದು ಕೆಲಸಕ್ಕೆ ಹತ್ತಾರು ಜನ ಕೊಟೇಶನ್ ಕಳಿಸುವ ಮಾರುಕಟ್ಟೆಯಲ್ಲಿ ದರ ಏರಿಸುವುದು ಸುಲಭವಲ್ಲ. ದಂಡವಾಗುವ ಗಂಟೆ ಉಳಿಸುವುದು ಮಾತ್ರ ನಮ್ಮ ಕೈಯಲ್ಲೇ ಇದೆ. ಈ ವಿಮರ್ಶೆ ಆ ಲೆಕ್ಕದ್ದು.

ಆಸ್ಟ್ರೇಲಿಯಾದ ಟಾಸ್ಮೇನಿಯಾದ ಸ್ಯಾವೇಜ್ ಇಂಟರಾಕ್ಟಿವ್ ಕಂಪನಿ 2011ರಲ್ಲಿ ತಂದ ಆ್ಯಪ್ ಇದು. ಐಪ್ಯಾಡ್‌ಗೆ ಮಾತ್ರ ಸಿಗುತ್ತದೆ. ಐಫೋನ್‌ಗೆ ಪ್ರೊಕ್ರಿಯೇಟ್ ಪಾಕೆಟ್ ಎಂಬ ಬೇರೆ ಆವೃತ್ತಿ ಇದೆ. ಒಮ್ಮೆ ಹಣ ಕೊಟ್ಟರೆ ಮುಗಿಯಿತು, ತಿಂಗಳ ಚಂದಾ ಇಲ್ಲ. ಕೆಲಸವೇ ಬರದ ತಿಂಗಳಲ್ಲೂ ಚಂದಾ ಕಟ್ಟಬೇಕಾದ ತಂತ್ರಾಂಶಗಳ ನಡುವೆ ಇದು ದೊಡ್ಡ ನಿರಾಳ. ಪೆನ್ಸಿಲ್ ಕೊಳ್ಳುವಾಗ ಮಾತ್ರ ಎಚ್ಚರವಿರಲಿ: 2023ರಲ್ಲಿ ಬಂದ ಯುಎಸ್‌ಬಿ-ಸಿ ಆ್ಯಪಲ್ ಪೆನ್ಸಿಲ್‌ಗೆ ಒತ್ತಡ ಗ್ರಹಿಸುವ ಶಕ್ತಿ ಇಲ್ಲ. ಅಗ್ಗವೆಂದು ಅದನ್ನು ತಂದರೆ ಗೆರೆ ಕೈಯೊತ್ತಿಗೆ ತಕ್ಕಂತೆ ದಪ್ಪ-ತೆಳು ಆಗುವುದಿಲ್ಲ. ನಿಮ್ಮ ಐಪ್ಯಾಡ್‌ಗೆ ಯಾವ ಪೆನ್ಸಿಲ್ ಹೊಂದುತ್ತದೆ ಎಂದು ನೋಡಿಕೊಂಡೇ ಕೊಳ್ಳಿ.

ಸ್ಕೆಚ್ ಹಂತದಲ್ಲಿ ಇದನ್ನು ಮೀರಿಸುವ ಆ್ಯಪ್ ಕಡಿಮೆ. ಗೆರೆ ಎಳೆದು ಪೆನ್ಸಿಲ್ ಎತ್ತದೆ ಹಿಡಿದರೆ ಅದು ನೇರವಾಗುತ್ತದೆ, ವೃತ್ತ ಸರಿಯಾದ ವೃತ್ತವಾಗುತ್ತದೆ. ಬಣ್ಣವನ್ನು ಎಳೆದು ತಂದು ಬಿಟ್ಟರೆ ಆಕಾರ ತುಂಬುತ್ತದೆ. ದೂರ-ಹತ್ತಿರದ ಅಳತೆ ತೋರಿಸುವ ಪರ್ಸ್ಪೆಕ್ಟಿವ್ ಗೈಡ್ ಹಾಕಿಕೊಂಡರೆ ಕಟ್ಟಡ, ಕೋಣೆಗಳ ಕರಡು ನಿಮಿಷಗಳಲ್ಲಿ ಸಿದ್ಧ. ಥಂಬ್‌ನೇಲ್‌ಗಳನ್ನು, ಅಂದರೆ ಪುಟ್ಟ ಕರಡು ಚಿತ್ರಗಳನ್ನು, ಬೇಕೆಂದೇ ಸುಮಾರು 1000 ಪಿಕ್ಸೆಲ್ ಅಗಲದ ಸಣ್ಣ ಕ್ಯಾನ್ವಾಸ್‌ನಲ್ಲಿ ಮಾಡಿ. ಕಣ್ಣುರೆಪ್ಪೆ, ಬಟ್ಟೆಯ ನೆರಿಗೆ ಬಿಡಿಸಲು ಅಲ್ಲಿ ಜಾಗವೇ ಇರುವುದಿಲ್ಲ, ಸಂಯೋಜನೆಯಷ್ಟೇ ಮಾತಾಡುತ್ತದೆ. ಮೂರು ಥಂಬ್‌ನೇಲ್ ಕಳಿಸಿ, ಒಂದಕ್ಕೆ ಇಮೇಲ್‌ನಲ್ಲಿ ಒಪ್ಪಿಗೆ ಪಡೆದ ಮೇಲೆಯೇ ಅದನ್ನು ಅಂತಿಮ ಕ್ಯಾನ್ವಾಸ್‌ಗೆ ತಂದು, ಹಿಗ್ಗಿಸಿ, ಮಸುಕು ಮಾಡಿ, ಮೇಲೆ ಲೈನ್‌ಆರ್ಟ್ (ಅಂತಿಮ ಗೆರೆಚಿತ್ರ) ಶುರುಮಾಡಿ. ಪಾತ್ರದ ನಿಲುವು ಬದಲಿಸಿ ಎಂಬ ಮಾತು ಈ ಹಂತದಲ್ಲಿ ಬಂದರೆ ಹತ್ತು ನಿಮಿಷದ ಕೆಲಸ. ಬಣ್ಣ ಮುಗಿದ ಮೇಲೆ ಬಂದರೆ ಎರಡು ದಿನವೂ ಹೋಗಬಹುದು.

ಇನ್ನು ಲೇಯರ್, ಅಂದರೆ ಒಂದರ ಮೇಲೊಂದು ಇಡುವ ಚಿತ್ರದ ಪದರಗಳ ಮಿತಿ. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಹೊಸಬರು ಹೆಚ್ಚು ಪೆಟ್ಟು ತಿನ್ನುವುದು ಇಲ್ಲೇ. ಎಷ್ಟು ಲೇಯರ್ ಸಿಗುತ್ತವೆ ಎಂಬುದನ್ನು ಕ್ಯಾನ್ವಾಸ್‌ನ ಅಳತೆ ಮತ್ತು ಐಪ್ಯಾಡ್‌ನ ರ್‍ಯಾಮ್ ಸೇರಿ ನಿರ್ಧರಿಸುತ್ತವೆ. 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆ) ಎ4 ಎಂದರೆ 2480×3508 ಪಿಕ್ಸೆಲ್, ಹೆಚ್ಚೂಕಡಿಮೆ 87 ಲಕ್ಷ ಪಿಕ್ಸೆಲ್. ಪಿಕ್ಸೆಲ್‌ಗೆ ನಾಲ್ಕು ಬೈಟ್‌ನಂತೆ ಒಂದು ಲೇಯರ್‌ಗೇ ಸುಮಾರು 35 ಎಂಬಿ ಆಯಿತು. ಎ3ಗೆ ಹೋದರೆ ಅದು ದುಪ್ಪಟ್ಟು, ಲೇಯರ್‌ಗಳ ಸಂಖ್ಯೆ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಎ4 ಅನ್ನೇ 600 ಡಿಪಿಐಗೆ ಏರಿಸಿದರೆ ನಾಲ್ಕು ಪಟ್ಟು. ದೊಡ್ಡದಿದ್ದಷ್ಟೂ ಒಳ್ಳೆಯದು ಎಂದು 600 ಇಟ್ಟುಕೊಂಡವರು ಕೊನೆಗೆ ಲೇಯರ್ ಸಾಲದೆ ಒಂದರೊಳಗೊಂದು ಮರ್ಜ್ ಮಾಡುತ್ತಾರೆ. ಅಂಗಿ ಕೆಂಪು ಬೇಡ, ಹಸಿರು ಮಾಡಿ ಎಂದು ಕ್ಲೈಂಟ್ ಹೇಳುವ ಹೊತ್ತಿಗೆ ಅಂಗಿ, ನೆರಳು, ಕೈ, ಹಿನ್ನೆಲೆಯ ಗೋಡೆ ಎಲ್ಲವೂ ಒಂದೇ ಲೇಯರ್‌ನಲ್ಲಿ ಅಂಟಿಕೊಂಡಿರುತ್ತವೆ. ಪುಸ್ತಕದ ಪುಟಕ್ಕೆ, ಪತ್ರಿಕೆಗೆ ಮುದ್ರಣದ ಅಳತೆಯಲ್ಲೇ 300 ಡಿಪಿಐ ಸಾಕು. ಹೊಸ ಕ್ಯಾನ್ವಾಸ್‌ನ ಅಳತೆ ತುಂಬುವಾಗಲೇ ಗರಿಷ್ಠ ಲೇಯರ್ ಎಷ್ಟೆಂದು ಆ್ಯಪ್ ತೋರಿಸುತ್ತದೆ. ಆ ಅಂಕಿ ನೋಡದೆ ಮುಂದೆ ಹೋಗಬೇಡಿ.

ಅದೇ ಅಂಗಿಗೆ ಸರಿಯಾದ ಕಟ್ಟು ಹೀಗಿರುತ್ತದೆ: ತಳದಲ್ಲಿ ಅಂಗಿಯ ಚಪ್ಪಟೆ ಬಣ್ಣ, ಅದರ ಮೇಲೆ ಬಟ್ಟೆಯ ವಿನ್ಯಾಸ ಕ್ಲಿಪಿಂಗ್ ಮಾಸ್ಕ್ ಆಗಿ (ತಳದ ಆಕಾರದೊಳಗಷ್ಟೇ ಕಾಣುವ ಲೇಯರ್), ಅದರ ಮೇಲೆ ನೆರಳು ಇನ್ನೊಂದು ಕ್ಲಿಪಿಂಗ್ ಮಾಸ್ಕ್ ಆಗಿ, ಕೆಳಗಿನ ಬಣ್ಣವನ್ನು ಗಾಢ ಮಾಡುವ ಮಲ್ಟಿಪ್ಲೈ ಮೋಡ್‌ನಲ್ಲಿ. ನೆರಳಿಗೆ ಅಂಗಿಯ ಬಣ್ಣವನ್ನೇ ಗಾಢ ಮಾಡಿ ಬಳಿಯದೆ ತಟಸ್ಥ ನೇರಳೆಗಪ್ಪನ್ನೋ ಬೂದಿಯನ್ನೋ ಇಟ್ಟರೆ, ತಳದ ಬಣ್ಣ ಬದಲಿಸಿದ ಕೂಡಲೇ ನೆರಳೂ ಹೊಂದಿಕೊಳ್ಳುತ್ತದೆ. ತಳದ ಲೇಯರ್‌ಗೆ, ಬಣ್ಣವಿದ್ದ ಕಡೆ ಮಾತ್ರ ಬಳಿಯಲು ಬಿಡುವ ಆಲ್ಫಾ ಲಾಕ್ ಹಾಕಿ ಹೊಸ ಬಣ್ಣ ತುಂಬಿದರೆ ತಿದ್ದುಪಡಿ ಮುಗಿಯಿತು.

ಪ್ರೊಕ್ರಿಯೇಟ್‌ನ ದೊಡ್ಡ ಕೊರತೆಯೂ ಇದೇ ಜಾಗದಲ್ಲಿದೆ. ಮೂಲ ಚಿತ್ರ ಮುಟ್ಟದೆ ಬಣ್ಣ, ಬೆಳಕು ತಿದ್ದುವ ಅಡ್ಜಸ್ಟ್‌ಮೆಂಟ್ ಲೇಯರ್ ಇಲ್ಲ. ಕರ್ವ್ಸ್, ಹ್ಯೂ, ಬ್ರೈಟ್‌ನೆಸ್ ಏನೇ ಬದಲಿಸಿದರೂ ನೇರ ಪಿಕ್ಸೆಲ್‌ಗಳ ಮೇಲೆಯೇ ಪರಿಣಾಮ. ಸ್ವಲ್ಪ ಬೆಳಕು ಹೆಚ್ಚಿಸಿ ಎಂದ ಕ್ಲೈಂಟ್ ಮರುದಿನ ಮೊದಲಿನದ್ದೇ ಚೆನ್ನಾಗಿತ್ತು ಎಂದರೆ ಹಿಂದಿರುಗಲು ದಾರಿಯಿಲ್ಲ, ಏಕೆಂದರೆ ಗ್ಯಾಲರಿಗೆ ಹೋಗಿ ಬಂದರೆ ಅನ್‌ಡೂ ಇತಿಹಾಸ ಅಳಿಸಿಹೋಗುತ್ತದೆ. ಆದ್ದರಿಂದ ಕ್ಲೈಂಟ್‌ಗೆ ಏನನ್ನೇ ಕಳಿಸುವ ಮುಂಚೆ ಫೈಲನ್ನು ಡ್ಯೂಪ್ಲಿಕೇಟ್ ಮಾಡಿ, ಹೆಸರಿನಲ್ಲೇ ಆವೃತ್ತಿಯ ಸಂಖ್ಯೆ ಸೇರಿಸಿ. ಹಿಗ್ಗಿಸುವುದು, ತಿರುಗಿಸುವುದಕ್ಕೂ ಇದೇ ಮಾತು: ಒಂದೇ ಲೇಯರನ್ನು ಪದೇ ಪದೇ ಟ್ರಾನ್ಸ್‌ಫಾರ್ಮ್ ಮಾಡಿದರೆ ಪ್ರತಿ ಸಲವೂ ಅಂಚು ಮಸುಕಾಗುತ್ತದೆ. ಮೂಲದ ನಕಲೊಂದನ್ನು ಮರೆಮಾಡಿ ಇಟ್ಟುಕೊಂಡು, ಅಳತೆ ಬದಲಿಸಬೇಕಾದಾಗೆಲ್ಲ ಅದರಿಂದಲೇ ಶುರುಮಾಡಿ.

ಮುದ್ರಣದ ಕೆಲಸಕ್ಕೆ ಇದೊಂದೇ ಸಾಲದು. ಪರದೆಯ ಬಣ್ಣಕ್ರಮವಾದ ಆರ್‌ಜಿಬಿಯೋ ಮುದ್ರಣದ ಸಿಎಂವೈಕೆಯೋ ಎಂಬುದನ್ನು ಕ್ಯಾನ್ವಾಸ್ ತೆರೆಯುವಾಗಲೇ ಆರಿಸಬೇಕು, ನಡುವೆ ಬದಲಿಸಲಾಗದು. ಮುದ್ರಣದಲ್ಲಿ ಬಣ್ಣ ಹೇಗೆ ಬರುತ್ತದೆಂದು ಪರದೆಯಲ್ಲೇ ತೋರಿಸುವ ಸಾಫ್ಟ್ ಪ್ರೂಫಿಂಗ್ ಇಲ್ಲ. ಬಣ್ಣಗಳ ವ್ಯಾಪ್ತಿ ಹೆಚ್ಚಿರುವ ಡಿಸ್‌ಪ್ಲೇ ಪಿ3 ಪ್ರೊಫೈಲ್‌ನಲ್ಲಿ ಬಿಡಿಸಿದ ಉಜ್ವಲ ಹಸಿರು, ಕಿತ್ತಳೆ, ನೀಲಿಗಳು ಪರದೆಯ ಮೇಲೆ ಮಿನುಗಿ ಕಾಗದದ ಮೇಲೆ ಸಪ್ಪೆಯಾಗುತ್ತವೆ. ಅದಕ್ಕಿಂತ ಕಿರಿದಾದ ಎಸ್‌ಆರ್‌ಜಿಬಿಯಲ್ಲಿ ಬಿಡಿಸಿ, ಪಿಎಸ್‌ಡಿ (ಫೋಟೋಶಾಪ್ ಫೈಲ್) ಆಗಿ ಕಂಪ್ಯೂಟರ್‌ಗೆ ಒಯ್ದು, ಮುದ್ರಣಾಲಯ ಕೊಟ್ಟ ಐಸಿಸಿ ಪ್ರೊಫೈಲ್ (ಬಣ್ಣದ ವಿವರಗಳ ಫೈಲ್) ಹಾಕಿ ಫೋಟೋಶಾಪ್ ಅಥವಾ ಉಚಿತವಾದ ಕ್ರಿಟಾದಲ್ಲಿ ಪ್ರೂಫ್ ನೋಡುವುದು ಉತ್ತಮ. ಪಿಎಸ್‌ಡಿಗೆ ಹೋಗುವಾಗ ಲೇಯರ್‌ಗಳೂ ಅವುಗಳ ಹೆಸರುಗಳೂ ಉಳಿಯುತ್ತವೆ, ಆದರೆ ಅಕ್ಷರಗಳು ಪಿಕ್ಸೆಲ್‌ಗಳಾಗಿಬಿಡುತ್ತವೆ. ಶೀರ್ಷಿಕೆಗೆ ಜಾಗ ಬಿಟ್ಟು, ಅಕ್ಷರದ ಕೆಲಸವನ್ನು ಪುಟವಿನ್ಯಾಸಕರಿಗೆ ಬಿಡಿ. ಬ್ಲೀಡ್ (ಕತ್ತರಿಸುವಾಗ ಹೋಗಲೆಂದು ಅಂಚಿನಾಚೆ ಬಿಡುವ ಭಾಗ) ಗೆರೆಗಳನ್ನೂ ನಾವೇ ಹಾಕಿಕೊಳ್ಳಬೇಕು: ಎ4ಗೆ ಸುತ್ತಲೂ 3 ಮಿ.ಮೀ. ಬ್ಲೀಡ್ ಸೇರಿಸಿದರೆ ಕ್ಯಾನ್ವಾಸ್ 2551×3579 ಪಿಕ್ಸೆಲ್. ಅಂಚಿನಿಂದ 35 ಪಿಕ್ಸೆಲ್ ಒಳಗೆ ಕತ್ತರಿಸುವ ಗೆರೆ ಎಳೆದ ಲೇಯರೊಂದನ್ನು ಮಾಡಿ, ಆ ಫೈಲನ್ನೇ ಖಾಲಿ ಟೆಂಪ್ಲೇಟ್ ಆಗಿ ಇಟ್ಟುಕೊಳ್ಳಿ.

ಹೆಚ್ಚು ಜನ ಗಮನಿಸದ ಸೌಲಭ್ಯವೊಂದಿದೆ. ಕ್ಯಾನ್ವಾಸ್ ಇನ್ಫರ್ಮೇಶನ್‌ನ ಸ್ಟ್ಯಾಟಿಸ್ಟಿಕ್ಸ್ ವಿಭಾಗದಲ್ಲಿ ಆ ಚಿತ್ರಕ್ಕೆ ಹಿಡಿದ ಸಮಯ ದಾಖಲಾಗಿರುತ್ತದೆ. ಬ್ರೀಫ್ (ಕ್ಲೈಂಟ್ ಕೊಟ್ಟ ಕೆಲಸದ ವಿವರ) ಓದಿದ್ದು, ರೆಫರೆನ್ಸ್ ಹುಡುಕಿದ್ದು, ಇಮೇಲ್ ಬರೆದದ್ದು ಅದರಲ್ಲಿ ಇರುವುದಿಲ್ಲ. ಅವನ್ನು ಬೇರೆ ಬರೆದಿಟ್ಟು ಕೂಡಿಸಿ, ಬಂದ ಹಣವನ್ನು ಒಟ್ಟು ಗಂಟೆಗಳಿಂದ ಭಾಗಿಸಿ. ಯಾವ ಬಗೆಯ ಕೆಲಸ ಹೊಟ್ಟೆ ತುಂಬಿಸುತ್ತದೆ, ಯಾವುದು ಬರೀ ದುಡಿಸಿಕೊಳ್ಳುತ್ತದೆ ಎಂದು ನಾಲ್ಕೈದು ಚಿತ್ರಗಳ ಲೆಕ್ಕದಲ್ಲೇ ತಿಳಿಯುತ್ತದೆ. ಮುಂದಿನ ಕೊಟೇಶನ್‌ಗೆ ಇದಕ್ಕಿಂತ ಗಟ್ಟಿ ಆಧಾರ ಬೇರೆ ಇಲ್ಲ.

ಬಿಡಿಸಿದ್ದನ್ನೆಲ್ಲ ವೇಗದ ವಿಡಿಯೊ ಆಗಿ ದಾಖಲಿಸುವ ಟೈಮ್‌ಲ್ಯಾಪ್ಸ್ ಕೂಡ ಹಾಗೆಯೇ. ಚಿತ್ರ ಕೈಯಲ್ಲಿ ಬಿಡಿಸಿದ್ದೇ ಎಂದು ಕ್ಲೈಂಟ್‌ಗಳು ಕೇಳುವ ಈ ಕಾಲದಲ್ಲಿ ಅದು ಒಳ್ಳೆಯ ಪುರಾವೆ. ತಾನೇ ಚಿತ್ರ ಸೃಷ್ಟಿಸುವ ಜನರೇಟಿವ್ ಎಐ ಅನ್ನು ತಮ್ಮ ಆ್ಯಪ್‌ಗಳಿಗೆ ತರುವುದಿಲ್ಲ ಎಂದು ಕಂಪನಿ 2024ರ ಆಗಸ್ಟ್‌ನಲ್ಲಿ ಬಹಿರಂಗವಾಗಿ ಹೇಳಿದ್ದೂ ನಮ್ಮ ವೃತ್ತಿಯವರಿಗೆ ಮುಖ್ಯ. ಆದರೆ ಮೂಲ ಪ್ರೊಕ್ರಿಯೇಟ್ ಫೈಲನ್ನೇ ಕಳಿಸಿದರೆ ಅದರೊಳಗಿನ ಟೈಮ್‌ಲ್ಯಾಪ್ಸ್‌ನಲ್ಲಿ ಕೈಬಿಟ್ಟ ಕರಡುಗಳೂ ಹೋಗುತ್ತವೆ. ಒಪ್ಪಂದದಲ್ಲಿ ಲೇಯರ್ ಸಹಿತ ಫೈಲ್ ಕೊಡುವ ಮಾತಿದ್ದರೆ ಅದಕ್ಕೆ ಪ್ರತ್ಯೇಕ ಮೊತ್ತ ಕೇಳಿ, ಪಿಎಸ್‌ಡಿಯನ್ನಷ್ಟೇ ಕೊಡಿ.

ಬ್ರಷ್‌ಗಳ ಬಗ್ಗೆ ಒಂದೇ ಮಾತು: ಜನಪ್ರಿಯ ಬ್ರಷ್ ಪ್ಯಾಕ್‌ಗಳನ್ನು ಸಾವಿರಾರು ಜನ ಬಳಸುವುದರಿಂದ ಪೋರ್ಟ್‌ಫೋಲಿಯೊಗಳು ಒಂದೇ ಥರ ಕಾಣತೊಡಗಿವೆ. ನಾಲ್ಕೈದನ್ನು ಆರಿಸಿ, ಬ್ರಷ್ ಸ್ಟುಡಿಯೋದಲ್ಲಿ ನಿಮ್ಮ ಕೈಗೆ ಪಳಗಿಸಿಕೊಳ್ಳಿ.

ಲೋಗೊ, ಐಕಾನ್, ಭಾರೀ ಫಲಕಗಳೇ ನಿಮ್ಮ ಕಸುಬಾದರೆ ಇದು ಬೇಡ. ಎಷ್ಟು ಹಿಗ್ಗಿಸಿದರೂ ಮಸುಕಾಗದ ವೆಕ್ಟರ್ ಗೆರೆಗಳು ಇಲ್ಲಿಲ್ಲ. ಇಲಸ್ಟ್ರೇಟರ್, ಇಂಕ್‌ಸ್ಕೇಪ್ ಕಡೆ ಹೋಗಿ. ಕಾಮಿಕ್ಸ್ ಮಾಡುವವರಿಗೆ ವೆಕ್ಟರ್ ಲೇಯರ್, ಪ್ಯಾನೆಲ್ ಸಾಧನಗಳಿರುವ ಕ್ಲಿಪ್ ಸ್ಟುಡಿಯೋ ಪೇಂಟ್ ಹೆಚ್ಚು ಅನುಕೂಲ, ಐಪ್ಯಾಡ್‌ನಲ್ಲಿ ಚಂದಾ ಕಟ್ಟಬೇಕು ಅಷ್ಟೆ. ಮಕ್ಕಳ ಪುಸ್ತಕ, ಪತ್ರಿಕೆ, ಮುಖಪುಟ, ಜಾಲತಾಣದ ಚಿತ್ರಗಳನ್ನು ಮಾಡುವವರು ಪ್ರೊಕ್ರಿಯೇಟನ್ನು ಧೈರ್ಯವಾಗಿ ಕೊಳ್ಳಬಹುದು, ಜೊತೆಗೆ ಕೊನೆಯ ಹಂತಕ್ಕೊಂದು ಕಂಪ್ಯೂಟರ್ ಇರಲಿ. ಫೈಲ್‌ಗಳು ಆ್ಯಪ್‌ನೊಳಗೇ ಇರುತ್ತವೆ. ಆ್ಯಪ್ ಅಳಿಸಿದರೆ ಅವೂ ಹೋಗುತ್ತವೆ. ದಿನದ ಕೆಲಸ ಮುಗಿದ ಕೂಡಲೇ ನಡೆಯುತ್ತಿರುವ ಫೈಲ್‌ಗಳನ್ನು ಹೊರಗಿನ ಡ್ರೈವ್‌ಗೆ ಕಳಿಸಿ, ಕ್ಲೈಂಟ್ ಹಣ ಪಾವತಿಸಿ ಚಿತ್ರ ಪ್ರಕಟವಾಗುವವರೆಗಾದರೂ ಹಳೆಯ ಆವೃತ್ತಿಗಳನ್ನು ಅಳಿಸಬೇಡಿ.