ಇಮ್ಯಾಟಿನಿಬ್ 400 ಮಿಲಿಗ್ರಾಂ ಮಾತ್ರೆ: ಆರು ವರ್ಷಗಳ ಅನುಭವ

ನಮ್ಮ ತಾಯಿಯವರು ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ಆರು ವರ್ಷಗಳಿಂದ ದಿನಕ್ಕೊಂದರಂತೆ ಈ ಮಾತ್ರೆಯನ್ನು ತೆಗೆದುಕೊಳ್ಳುತ್ತಿದ್ದಾರೆ. ಮನೆಯಲ್ಲಿ ಮಾತ್ರೆಯ ಲೆಕ್ಕ ಇಡುವ ಹೊಣೆ ನನ್ನದಾದ್ದರಿಂದ, ಹೊಸದಾಗಿ ಆರಂಭಿಸುವವರಿಗೆ ನೆರವಾಗಲೆಂದು ಬರೆಯುತ್ತಿದ್ದೇನೆ.

ಇದರ ಗುಣದೋಷಗಳು ಅರ್ಥವಾಗಬೇಕಾದರೆ ಇದು ಏನನ್ನು ತಡೆಯುತ್ತದೆಂದು ತಿಳಿದಿರಬೇಕು. ಮೂಳೆಮಜ್ಜೆಯ ಒಂದು ಜೀವಕೋಶದಲ್ಲಿ 9ನೇ ಮತ್ತು 22ನೇ ವರ್ಣತಂತುಗಳು ತುಂಡಾಗಿ, ತುದಿಗಳು ಅದಲುಬದಲಾಗಿ ಕೂಡಿಕೊಂಡಾಗ, ಎಬಿಎಲ್ ಎಂಬ ಜೀನು ಬಿಸಿಆರ್ ಎಂಬ ಜೀನಿಗೆ ಬೆಸೆದು ಆಂಕೋಜೀನ್ (ಕ್ಯಾನ್ಸರ್ ತರುವ ಜೀನು) ಆಗಿ ಮಾರ್ಪಡುತ್ತದೆ. ಎಬಿಎಲ್ ಪ್ರೋಟೀನು ಆರೋಗ್ಯವಂತ ಕೋಶದಲ್ಲಿ ಅಗತ್ಯವಿದ್ದಾಗ ಮಾತ್ರ ಕೆಲಸ ಮಾಡಿ ಸುಮ್ಮನಾಗುತ್ತದೆ. ಬೆಸೆದುಕೊಂಡ ಪ್ರೋಟೀನಾದರೋ ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನಿಂದ ಫಾಸ್ಫೇಟನ್ನು ತೆಗೆದು ಇತರ ಪ್ರೋಟೀನುಗಳಿಗೆ ಅಂಟಿಸುತ್ತಾ, ವಿಭಜನೆಯಾಗುವಂತೆ ಕೋಶವನ್ನು ಹಗಲಿರುಳು ಪ್ರಚೋದಿಸುತ್ತದೆ. ಸಾಯಬೇಕಾದ ಕೋಶಗಳೂ ಸಾಯದೆ ಬಿಳಿ ರಕ್ತಕಣಗಳು ಮಿತಿಮೀರುತ್ತವೆ. (ಈ ಬದಲಾವಣೆ ತಂದೆತಾಯಿಯಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ, ನೆಂಟರೆಲ್ಲ ನಮ್ಮನ್ನು ಮೊದಲು ಕೇಳಿದ್ದು ಇದನ್ನೇ.)

ಎಟಿಪಿ ಬಂದು ಕೂರಬೇಕಾದ ಜಾಗವನ್ನು ಇಮ್ಯಾಟಿನಿಬ್ ಆಕ್ರಮಿಸಿಕೊಳ್ಳುವುದರಿಂದ ಆ ಪ್ರೋಟೀನು ನಿಷ್ಕ್ರಿಯವಾಗುತ್ತದೆ. ಮೂರು ತಿಂಗಳಿಗೊಮ್ಮೆ ಮಾಡಿಸುವ, ಬೆಸೆದ ಜೀನಿನ ಪ್ರಮಾಣವನ್ನು ರಕ್ತದಲ್ಲಿ ಅಳೆಯುವ ಪಿಸಿಆರ್ ಪರೀಕ್ಷೆಯಲ್ಲಿ ತಾಯಿಯವರ ಬಿಸಿಆರ್-ಎಬಿಎಲ್ ಪ್ರಮಾಣ ಎರಡನೇ ವರ್ಷದೊಳಗೆ ಶೇಕಡಾ 0.1ಕ್ಕಿಂತ ಕೆಳಗಿಳಿದದ್ದನ್ನು ಕಂಡಾಗ ನಮಗಾದ ನೆಮ್ಮದಿ ಅಷ್ಟಿಷ್ಟಲ್ಲ.

ಆದರೆ ಮಾತ್ರೆ ತಡೆಯುವುದು ಪ್ರೋಟೀನನ್ನು. ಬೆಸೆದ ಜೀನು ಮಜ್ಜೆಯ ಕೆಲವು ಮೂಲಕೋಶಗಳಲ್ಲಿ ಉಳಿದೇ ಇರುತ್ತದೆ. ಒಮ್ಮೆ ಅಂಗಡಿಯಲ್ಲಿ ದಾಸ್ತಾನು ಮುಗಿದು ಹನ್ನೊಂದು ದಿನ ಮಾತ್ರೆ ತಪ್ಪಿದಾಗ ಮುಂದಿನ ವರದಿಯ ಅಂಕಿ ಏರಿತ್ತು. ಎಬಿಎಲ್ ಭಾಗದಲ್ಲೇ ಹೊಸ ಮ್ಯುಟೇಶನ್ (ಜೀನಿನಲ್ಲಾಗುವ ಬದಲಾವಣೆ) ಉಂಟಾದರೆ ಮಾತ್ರೆ ನಾಟದೆ ಹೋಗುವುದೂ ಉಂಟು. 315ನೇ ಸ್ಥಾನದ ಅಮೈನೋ ಆಮ್ಲವೊಂದು ಬದಲಾದರೆ ಸಾಕು, ಬೇರೆ ಔಷಧಿಯನ್ನೇ ಹುಡುಕಬೇಕಾಗುತ್ತದೆ.

ಅಡ್ಡಪರಿಣಾಮಗಳಲ್ಲಿ ಬೆಳಗ್ಗೆ ಕಣ್ಣಿನ ಸುತ್ತ ಊತ ಮತ್ತು ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು ಇಂದಿಗೂ ಇವೆ. ಬರಿಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಖಂಡಿತ. ಊಟದ ಜೊತೆ, ದೊಡ್ಡ ಲೋಟದ ತುಂಬ ನೀರಿನೊಂದಿಗೆ ತೆಗೆದುಕೊಳ್ಳಬೇಕು.

2001ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಮೂಲ ಬ್ರ್ಯಾಂಡಿನ ಬೆಲೆ ಒಂದು ಕಾಲಕ್ಕೆ ಇಲ್ಲಿ ತಿಂಗಳಿಗೆ ಲಕ್ಷ ರೂಪಾಯಿ ಮೀರಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿದ್ದರಿಂದ ದೇಶೀಯ ಜೆನೆರಿಕ್ ಮಾತ್ರೆಗಳ ದಾರಿ ಮುಚ್ಚಲಿಲ್ಲ. ನಾವು ಕೊಳ್ಳುವುದು ಅದನ್ನೇ, ತೃಪ್ತರಾಗಿದ್ದೇವೆ. ಪೆಟ್ಟಿಗೆಯೊಳಗಿನ ಚೀಟಿ ಮಾತ್ರ ಸಣ್ಣ ಅಕ್ಷರಗಳ ಇಂಗ್ಲಿಷಿನಲ್ಲಿದೆ. ಒಂದು ದಿನವೂ ತಪ್ಪಿಸಬಾರದು, ವೈದ್ಯರು ಹೇಳದೆ ನಿಲ್ಲಿಸಬಾರದು ಎಂಬ ಎರಡು ಸಾಲುಗಳನ್ನಾದರೂ ಅದರಲ್ಲಿ ಕನ್ನಡದಲ್ಲಿ ಮುದ್ರಿಸಬೇಕಿತ್ತು. ಹನ್ನೊಂದು ದಿನಗಳ ಆ ಪ್ರಸಂಗದ ನಂತರ ನಾನು ಒಂದು ತಿಂಗಳ ಮಾತ್ರೆಯನ್ನು ಯಾವಾಗಲೂ ಮುಂಗಡವಾಗಿ ತಂದಿಡುತ್ತೇನೆ.